ಎಸ್ಕಾರ್ಟ್ ಇಲ್ದೆ, ನನ್ನದೇ ಚೇರಲ್ಲಿ ವಿಮಾನದ ಬಾಗಿಲ ತನಕ – ನನ್ನ ಅನುಭವ

ಐದು ಸಲ ಸೋತು ಆರನೇ ಸಲಕ್ಕೆ ಆಯ್ತು. "ಆಗಲ್ಲ ಬಿಡೋ ಮಾರಾಯ, ಏರ್‌ಲೈನ್‌ನವ್ರ ಚೇರಲ್ಲೇ ಕೂತ್ಕೋ, ಎಸ್ಕಾರ್ಟ್ ಅಂತ ಜೊತೆಗೆ ತಮ್ಮನ್ನ ಕರ್ಕೊಂಡ್ ಹೋಗು" ಅಂತ ನಮ್ಮ ವೀಲ್‌ಚೇರ್ ಗ್ರೂಪಲ್ಲಿ ಅಂದವ್ರೆಲ್ಲ ಓದ್ಲಿ ಅಂತಾನೇ ಬರೀತಿದೀನಿ. ಬೆಂಗಳೂರಿಂದ ದೆಲ್ಲಿ, ಒಬ್ಬನೇ, ಬ್ಯಾಟರೀಲಿ ಓಡೋ, ಮಡಚೋ ವೀಲ್‌ಚೇರು.

ಮೊದ್ಲು ದುಡ್ಡು ಹಾಳಾದ ಕಥೆ. ಜಾಸ್ತಿ ದೂರ ಓಡ್ಲಿ ಅಂತ ಆಸೆಬಿದ್ದು 24 ವೋಲ್ಟ್ 20 ಎಎಚ್ (ಆಂಪಿಯರ್ ಅವರ್) ಲಿಥಿಯಂ ಬ್ಯಾಟರಿ ಹಾಕ್ಸಿದ್ದೆ, ಹದಿನೆಂಟು ಸಾವಿರ ಚಿಲ್ಲರೆ ಆಯ್ತು. ಗುಣಿಸಿದ್ರೆ 480 ವ್ಯಾಟ್ ಅವರ್, ವಿಮಾನದಲ್ಲಿ ಬಿಚ್ಚೋ ಬ್ಯಾಟರಿಗೆ ಮಿತಿ 300. ಕೌಂಟರಲ್ಲೇ ಮುಗೀತು. ಇಲ್ಲಾಂದ್ರೆ ತಲಾ 160ರೊಳಗಿನ ಎರಡು ತಗೊಂಡೋಗ್ಬಹುದಲ್ಲ ಅಂತ ಲೋಕಲ್ ಹುಡುಗನ ಹತ್ರ ಎರಡು ಸಣ್ಣ ಪ್ಯಾಕ್ ಕಟ್ಟಿಸ್ದೆ, ಅದಕ್ಕೊಂದು ಒಂಬತ್ತು ಸಾವಿರ. ಮೇಲೆ ಲೇಬಲ್ಲೇ ಇಲ್ಲ, ಲಿಥಿಯಂ ಬ್ಯಾಟರಿ ಸಾಗಿಸೋಕೆ ಸೇಫ್ ಅಂತ ತೋರಿಸೋ ಯುಎನ್ 38.3 ಟೆಸ್ಟ್ ಕಾಗದ ಎಲ್ಲಿಂದ ತರೋದು? ಅವೆರಡೂ ಈಗ ಮನೇಲಿ ಕರೆಂಟ್ ಹೋದಾಗ ವೈಫೈ ಓಡಿಸ್ತಿವೆ. ಕೊನೆಗೆ ಕಂಪನಿದೇ 12 ಎಎಚ್ ತಗೊಂಡೆ, 288 ಬರುತ್ತೆ, ಬಿಚ್ಚಿ ಬ್ಯಾಗಲ್ಲಿ ಹಾಕ್ಕೊಂಡು ಕ್ಯಾಬಿನ್‌ಗೇ ಒಯ್ತೀನಿ. ಲೇಬಲ್ಲಿನ ಫೋಟೋನ ದೊಡ್ಡದಾಗಿ ಪ್ರಿಂಟ್ ತೆಗೆದು ಚೇರಿನ ಬೆನ್ನಿಗೆ ಕಟ್ಟಿದೀನಿ, ಅರ್ಧ ವಾದ ಅಲ್ಲೇ ಮುಗಿಯುತ್ತೆ.

ನಾಲ್ಕನೇ ಸಲ ಬ್ಯಾಟರಿ ಪಾಸಾಯ್ತು, ಇಳಿದಾಗ ಚೇರ್ ಓಡಿಸೋ ಜಾಯ್‌ಸ್ಟಿಕ್ ಮುರಿದಿತ್ತು, ರಿಪೇರಿಗೆ ಆರೂವರೆ ಸಾವಿರ. ಬಬಲ್ ರ‍್ಯಾಪ್ ಸುತ್ತಿ ನೋಡ್ದೆ, ಸೆಕ್ಯೂರಿಟಿಯವ್ರು ಬಿಚ್ಚಿಸ್ತಾರೆ. ಈಗ ಒಂದು ಅಡುಗೆಮನೆ ಸಾಮಾನು ಹಾಕಿ ಮುಚ್ತೀನಿ, ಯಾವ್ದು ಅಂತ ಮಾತ್ರ ಈಗ ಹೇಳಲ್ಲ.

ನಿಜವಾದ ತಲೆನೋವು ಎಸ್ಕಾರ್ಟ್‌ದು. "ಸರ್, ಎಮರ್ಜೆನ್ಸಿ ಆದ್ರೆ ನೀವ್ ಹೆಂಗ್ ಇಳೀತೀರಾ? ಸೇಫ್ಟಿ ಸರ್" ಅಂತಾರೆ ಏರ್‌ಲೈನ್‌ನವ್ರು. ಇರೋ ಬಾಗಿಲುಗಳಲ್ಲಿ ಅರ್ಧದಷ್ಟರಿಂದಲೇ 90 ಸೆಕೆಂಡಲ್ಲಿ ವಿಮಾನ ಖಾಲಿ ಆಗ್ಬೇಕು ಅನ್ನೋ ಟೆಸ್ಟ್ ವಿಚಾರ ನಂಗೂ ಗೊತ್ತು. ಅದಕ್ಕೆ ಮನೆ ಹಜಾರದಲ್ಲಿ ಎರಡು ಸಾಲು ಕುರ್ಚಿ ಇಟ್ಟು ಸೀಟಿಂದ ನೆಲಕ್ಕೆ ಇಳಿದು ಕುಂಡೀಲೇ ತೆವಳೋದು ಪ್ರಾಕ್ಟೀಸ್ ಮಾಡ್ದೆ, ಇಪ್ಪತ್ತಡಿಗೆ ಮೊದ್ಲು ಒಂದೂವರೆ ನಿಮಿಷ ಹಿಡೀತಿತ್ತು, ತಿಂಗಳಾದ್ಮೇಲೆ ನಲವತ್ತು ಸೆಕೆಂಡಿನ ಆಸುಪಾಸು. ಅಮ್ಮ ನೋಡಿ ನಕ್ಕಿದ್ದೇ ನಕ್ಕಿದ್ದು. ಅದರ ವಿಡಿಯೋ ಫೋನಲ್ಲಿದೆ, ಡ್ಯೂಟಿ ಮ್ಯಾನೇಜರ್‌ಗೆ ಅದನ್ನೇ ತೋರಿಸ್ದೆ. ಜೊತೆಗೆ ಎರಡು ಪ್ರಿಂಟು: ಅಂಗವೈಕಲ್ಯದ ಕಾರಣಕ್ಕೆ ಹತ್ತಿಸಲ್ಲ ಅನ್ನೋ ಹಾಗಿಲ್ಲ ಅಂತ 2022ರಲ್ಲಿ ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ಮಾಡಿದ ತಿದ್ದುಪಡಿ, ಇನ್ನೊಂದು ಅಂಗವಿಕಲರ ಹಕ್ಕಿನ ಹೋರಾಟಗಾರ್ತಿ ಜೀಜಾ ಘೋಷ್ ಕೇಸಿಂದು. 2012ರಲ್ಲಿ ಕೋಲ್ಕತಾದಲ್ಲಿ ಅವ್ರನ್ನ ವಿಮಾನದಿಂದ ಇಳಿಸಿದ್ದಕ್ಕೆ 2016ರಲ್ಲಿ ಸುಪ್ರೀಂ ಕೋರ್ಟ್ 10 ಲಕ್ಷ ಪರಿಹಾರ ಕೊಡಿಸ್ತಲ್ಲ, ಅದೇ. ಆದ್ರೆ ಮೊದ್ಲೇ ಪ್ರಿಂಟ್ ತೆಗೀಬೇಡಿ, ಜಗಳ ಆಗುತ್ತೆ. ಮೊದ್ಲು ವಿಡಿಯೋ, ಆಮೇಲೆ ಪ್ರಿಂಟು. ಐದನೇ ಸಲ ಉಲ್ಟಾ ಮಾಡಿ ಫ್ಲೈಟ್ ಮಿಸ್ ಮಾಡ್ಕೊಂಡೆ, ಟಿಕೆಟ್ ದುಡ್ಡು ಐದು ಸಾವಿರದಷ್ಟು ಹೋಯ್ತು.

ಸಹಾಯ ಬೇಕು ಅಂತ ಏರ್‌ಲೈನ್‌ಗೆ 48 ಗಂಟೆ ಮುಂಚೆ ಹೇಳೋದು ಎಲ್ರಿಗೂ ಗೊತ್ತಿದೆ, ನಾನು ಫೋನೂ ಮಾಡಿ ಇಮೇಲೂ ಹಾಕ್ತೀನಿ.

ಒಳಗೆ ಹೋದ್ಮೇಲೆ ಐಲ್ (ನಡುವಿನ ಓಡಾಡೋ ದಾರಿ) ಕಡೆ ಆರ್ಮ್‌ರೆಸ್ಟ್ ಏಳಲ್ಲ ಅಂತ ನಮ್ಮನ್ನೇ ಎತ್ತಿ ಸೀಟಿಗೆ ಹಾಕೋಕೆ ಬರ್ತಾರೆ, ಬಿಡ್ಬೇಡಿ. ತುಂಬಾ ಸೀಟಲ್ಲಿ ಹಿಂಭಾಗದ ಕೀಲಿನ ಕೆಳಗೆ ಬೆರಳು ಹಾಕಿದ್ರೆ ಸಣ್ಣ ಲಿವರ್ ಸಿಗುತ್ತೆ, ಒತ್ತಿದ್ರೆ ಎದ್ದುಬಿಡುತ್ತೆ, ಕ್ರೂಗೇ ಕೆಲವ್ರಿಗೆ ಗೊತ್ತಿರಲ್ಲ! ಕಿಟಕಿ ಸೀಟಿಗೆ ನಾನೇ ಜಾರ್ಕೊಂಡ್ ಹೋದೆ, ಎಕ್ಸಿಟ್ ಎಷ್ಟು ಸಾಲು ಹಿಂದೆ ಅಂತ ಕೇಳ್ಕೊಂಡೆ, ಏಳು ಅಂದ್ರು.

ದೆಲ್ಲೀಲಿ ಬಾಗಿಲಲ್ಲೇ ಚೇರ್ ಕಾಯ್ತಿತ್ತು. ಫುಟ್‌ರೆಸ್ಟ್ ಮಾತ್ರ ಯಾರೋ ಎಡದ್ದು ಬಲಕ್ಕೆ ಸಿಕ್ಕಿಸಿದ್ರು.