ಗುಂಡು ನಿಮ್ಮದು, ಗಾಯ ಅವರದು: ಬಾಹ್ಯಾಕಾಶ ಪಾತ್ರದಾಟ ಆಡುವ ಬಗೆ

ಚಿಕ್ಕಂದಿನಲ್ಲಿ ಕಳ್ಳ-ಪೊಲೀಸ್ ಆಡಿದವರಿಗೆಲ್ಲ ಈ ಜಗಳ ಗೊತ್ತು. ‘ಢಿಶುಂ! ನೀನು ಸತ್ತೆ.’ ‘ಇಲ್ಲ, ನಂಗೆ ತಾಗ್ಲೇ ಇಲ್ಲ.’ ‘ತಾಗ್ತು ಕಣೋ, ನಾನೇ ನೋಡ್ದೆ.’ ಈಗ ಅದೇ ಜಗಳವನ್ನು ಮೂವತ್ತು ದಾಟಿದವರು ಆಡುತ್ತಾರೆ. ಒಬ್ಬರು ಜಯನಗರದಲ್ಲಿ, ಇನ್ನೊಬ್ಬರು ಯಲಹಂಕದಲ್ಲಿ ಕೂತು, ರಾತ್ರಿ ಹನ್ನೊಂದೂವರೆಗೆ, ಟೆಲಿಗ್ರಾಮ್ ಗುಂಪಿನಲ್ಲಿ. ಕೈಯಲ್ಲಿ ಪ್ಲಾಸ್ಮಾ ಬಂದೂಕು, ಜಾಗ ಮಂಗಳ ಗ್ರಹ. ಅಷ್ಟೇ ವ್ಯತ್ಯಾಸ.

ಇದು ಬರಹದಲ್ಲೇ ಆಡುವ ಆಟ. ಕ್ಯಾಪ್ಟನ್, ಮೆಕ್ಯಾನಿಕ್, ಡಾಕ್ಟರು, ಕಳ್ಳಸಾಗಣೆಯವಳು, ಹೀಗೆ ಒಬ್ಬೊಬ್ಬರೂ ಒಂದು ಪಾತ್ರ ಹಿಡಿದು, ಸರದಿಯ ಮೇಲೆ ನಾಲ್ಕಾರು ಸಾಲು ಬರೆದು ಕಥೆಯನ್ನು ಮುಂದೆ ತಳ್ಳುತ್ತಾರೆ. ಆಟ ನಡೆಸಿಕೊಡುವವರಿಗೆ ಜಿಎಂ, ಅಂದರೆ ಗೇಮ್ ಮಾಸ್ಟರ್, ಎನ್ನುತ್ತೇವೆ. ನಮ್ಮ ಗುಂಪಿನಲ್ಲಿ ಆ ತಲೆನೋವು ನನ್ನದು. ಹೊಸಬರು ಪ್ರತಿ ಸಲವೂ ಒಂದೇ ಜಾಗದಲ್ಲಿ ಎಡವುತ್ತಾರೆ, ಅದಕ್ಕೇ ಈ ಲೇಖನ.

ಹಂತ 1: ಪಾತ್ರ ಬರೆಯಿರಿ. ಹೆಸರು, ವಯಸ್ಸು, ಕೆಲಸ, ಎರಡು ಬಲ, ಎರಡು ದೌರ್ಬಲ್ಯ. ಅರ್ಧ ಪುಟ ಸಾಕು. ‘ಎಲ್ಲರನ್ನೂ ಬೇಗ ನಂಬುತ್ತಾನೆ’ ಎನ್ನುವುದು ದೌರ್ಬಲ್ಯವಲ್ಲ, ಇಂಟರ್‌ವ್ಯೂನಲ್ಲಿ ಹೇಳುವ ಮಾತು. ತೀರದ ಸಾಲ, ಕುಂಟುವ ಕಾಲು, ತೂಕವಿಲ್ಲದ ಕಡೆ ಹೋದರೆ ವಾಂತಿ, ಇಂಥವು ಬೇಕು. 1977ರಲ್ಲಿ ಅಮೆರಿಕದಲ್ಲಿ ಬಂದ ಟ್ರಾವೆಲರ್ ಎಂಬ ಬಾಹ್ಯಾಕಾಶ ಆಟದಲ್ಲಿ ಪಾತ್ರ ತಯಾರಿಸುವಾಗಲೇ ದಾಳ ಕೈಕೊಟ್ಟರೆ ಪಾತ್ರ ಸತ್ತುಹೋಗುತ್ತಿತ್ತು! ನಾವು ಅಷ್ಟು ಕಟುಕರಲ್ಲ.

ಹಂತ 2: ನಿಮ್ಮ ಆಟದ ಲೋಕದ ನಿಯಮಗಳನ್ನು ಒಮ್ಮೆ ಪೂರ್ತಿ ಓದಿ.

ಹಂತ 3: ನಿಮ್ಮ ಸರದಿ ಬರೆಯುವುದು. ಎಲ್ಲ ಕೆಡುವುದು ಇಲ್ಲೇ. ಹೊಸಬರೊಬ್ಬರ ಮೊದಲ ಪೋಸ್ಟ್ ಸಾಮಾನ್ಯವಾಗಿ ಹೀಗಿರುತ್ತದೆ:

‘ರುದ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದೂಕು ಎಳೆದು ಹಾರಿಸಿದ. ಗುಂಡು ತಾರಾಳ ಭುಜ ಸೀಳಿಬಿಟ್ಟಿತು. ಅವಳು ಚೀರುತ್ತಾ ಬಿದ್ದು ಕೀಲಿಯನ್ನು ಅವನತ್ತ ಎಸೆದುಬಿಟ್ಟಳು.’

ಮೂರು ವಾಕ್ಯ. ಮೊದಲನೆಯದು ರುದ್ರನದು. ಎರಡನೆಯದು ದಾಳದ್ದು (ಹೇಗೆಂದು ಹಂತ 5ರಲ್ಲಿ). ಮೂರನೆಯದು ಸಂಪೂರ್ಣವಾಗಿ ತಾರಾಳದು. ಅವಳನ್ನು ಆಡುವವರು ವಿಜಯನಗರದಲ್ಲಿ ರಾತ್ರಿ ಪಾತ್ರೆ ತೊಳೆದಿಟ್ಟು ಬಂದು ಫೋನ್ ತೆಗೆದರೆ, ತಮ್ಮ ಪಾತ್ರ ಆಗಲೇ ಗಾಯಗೊಂಡು, ಬಿದ್ದು, ಕೀಲಿಯನ್ನೂ ಕೊಟ್ಟಾಗಿದೆ. ಬರೆಯುವುದಕ್ಕೆ ಏನುಳಿಯಿತು? ಇದಕ್ಕೆ ಗಾಡ್‌ಮಾಡಿಂಗ್ ಎನ್ನುತ್ತಾರೆ, ಎಲ್ಲರ ಹಣೆಬರಹವನ್ನೂ ತಾನೇ ಬರೆಯುವ ಚಾಳಿ.

ನಾನು ಇದನ್ನು ತಾಳಮದ್ದಳೆ ತೋರಿಸಿ ವಿವರಿಸುತ್ತೇನೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕೂತು ಆಶುವಾಗಿ ಮಾತಾಡುವುದೇ ಆಟ. ಕರ್ಣನ ಅರ್ಥ ಹೇಳುವವರಿಗೆ ಕೊನೆಗೆ ಕರ್ಣ ಸಾಯುತ್ತಾನೆ ಎಂಬುದು ಗೊತ್ತು. ಆದರೂ ಎದುರಿನ ಕೃಷ್ಣ ತಡವರಿಸುವ ಹಾಗೆ ವಾದ ಹೂಡುತ್ತಾರೆ. ಆದರೆ ಎಂಥ ಘಟಾನುಘಟಿ ಅರ್ಥಧಾರಿಯೂ ಕೃಷ್ಣನ ಉತ್ತರವನ್ನು ತಾನೇ ಹೇಳುವುದಿಲ್ಲ. ಪ್ರಶ್ನೆ ಎಸೆದು, ಸುಮ್ಮನಾಗುತ್ತಾರೆ. ಆ ಸುಮ್ಮನಾಗುವಿಕೆಯನ್ನು ಕಲಿಯಬೇಕು. ತಿದ್ದಿದ ಪೋಸ್ಟ್ ನೋಡಿ:

‘ರುದ್ರನ ಕೈ ಸೊಂಟದ ಬಂದೂಕಿಗೆ ಹೋಯಿತು. ತಾರಾಳ ಬಲಭುಜಕ್ಕೆ ಗುರಿಯಿಟ್ಟು ಒಂದು ಗುಂಡು ಹಾರಿಸಿದ. ಕಣ್ಣು ಮಾತ್ರ ಅವಳ ಕೈಲಿದ್ದ ಕೀಲಿಯ ಮೇಲೇ ಇತ್ತು.’

ಇಲ್ಲಿಗೆ ನಿಲ್ಲಿಸಿ. ತಾಗಿತೋ ಇಲ್ಲವೋ ದಾಳ ಹೇಳಲಿ. ನೋವು ಎಷ್ಟು, ಬಿದ್ದಳೋ ನಿಂತಳೋ, ಕೀಲಿ ನುಂಗಿದಳೋ, ಅದನ್ನು ತಾರಾ ಹೇಳಲಿ.

ಕ್ರಿಯಾಪದ ಆರಿಸುವಾಗ ಹುಷಾರು. ‘ಗುರಿಯಿಟ್ಟ’, ‘ಬೀಸಿದ’, ‘ಕೈಚಾಚಿದ’, ‘ನುಗ್ಗಿದ’, ಇವು ನಿಮ್ಮ ಮೈಯಲ್ಲೇ ಮುಗಿಯುವ ಕೆಲಸಗಳು. ‘ಕೆಡವಿದ’, ‘ಕಿತ್ತುಕೊಂಡ’, ‘ಸುಮ್ಮನಾಗಿಸಿದ’, ಇವು ಇನ್ನೊಬ್ಬರ ಮೈಗೆ ಕೈಹಾಕುತ್ತವೆ. ಎಲ್ಲಕ್ಕಿಂತ ಅಪಾಯ ನಮ್ಮ ‘ಬಿಟ್ಟ’. ಹೊಡೆದುಬಿಟ್ಟ, ಕಸಿದುಬಿಟ್ಟ, ಮುಗಿಸಿಬಿಟ್ಟ. ಕಳಿಸುವ ಮುಂಚೆ ಪೋಸ್ಟಿನಲ್ಲಿ ‘ಬಿಟ್ಟ’ ಎಲ್ಲೆಲ್ಲಿದೆ ನೋಡಿ. ಮೋಸ ಅಡಗಿರುವುದು ಹೆಚ್ಚಾಗಿ ಅಲ್ಲೇ. ‘ಅವನನ್ನು ಕಂಡು ಎಲ್ಲರೂ ನಡುಗಿದರು’ ಎಂದು ಬರೆಯುವುದೂ ಇದೇ ಜಾತಿಯದು. ನೀವು ಭಯಂಕರವಾಗಿ ಕಾಣಿ, ನಡುಗುವುದು ಬಿಡುವುದು ಅವರಿಷ್ಟ.

ಇದರ ತಿರುವುಮುರುವು ರೋಗವೂ ಇದೆ. ಬಂದ ಪ್ರತಿ ಗುಂಡಿನಿಂದಲೂ ತಪ್ಪಿಸಿಕೊಳ್ಳುವವರು. ಅದರಲ್ಲೂ ವಿಜ್ಞಾನ ಕಥೆಯಲ್ಲಿ ಜೇಬಿನಿಂದ ಯಂತ್ರ ತೆಗೆಯುವುದು ಬಹಳ ಸಲೀಸು: ‘ಅದೃಷ್ಟವಶಾತ್ ರುದ್ರ ಬೆಳಿಗ್ಗೆಯೇ ಕಾಣದ ಗುರಾಣಿ ತೊಟ್ಟಿದ್ದ.’ ಯಾವಾಗ ತೊಟ್ಟಿದ್ದ? ಪಾತ್ರದ ಹಾಳೆಯಲ್ಲಿ ಬರೆದಿರದ ಯಂತ್ರ ನನ್ನ ಆಟದಲ್ಲಿ ಇಲ್ಲ. ಮೂರು ಏಟು ಬಂದರೆ ಒಂದನ್ನಾದರೂ ತಿನ್ನಬೇಕು. ಇದು ನನ್ನ ಹಟ, ಆದರೆ ಏಟು ತಿನ್ನಲು ಒಪ್ಪುವವರ ಜೊತೆ ಆಡಲು ಗುಂಪಿನಲ್ಲಿ ಕ್ಯೂ ನಿಲ್ಲುತ್ತಾರೆ.

ಅಡ್ಡದಾರಿಯ ಬಗ್ಗೆ ಒಂದು ಮಾತು. ತಮ್ಮ ಸರದಿಯನ್ನು ಚಾಟ್‌ಬಾಟ್ ಕೈಯಲ್ಲಿ ಬರೆಸಿ ಹಾಕುವವರು ಈಚೆಗೆ ಜಾಸ್ತಿಯಾಗಿದ್ದಾರೆ. ನನ್ನ ಕಣ್ಣಿಗೆ ಬಿದ್ದವುಗಳಲ್ಲೆಲ್ಲ ಅದು ನಿಮ್ಮ ಮಾತು, ಎದುರಿನವರ ಉತ್ತರ, ಕೊನೆಗೆ ಸೂರ್ಯಾಸ್ತ, ಎಲ್ಲವನ್ನೂ ಸೇರಿಸಿ ಬರೆದಿತ್ತು. ಎರಡನೇ ಸಾಲಿಗೇ ಗೊತ್ತಾಗುತ್ತದೆ. ಬೇಡ.

ಹಂತ 4: ನಿಮಗೆ ಗೊತ್ತಿರುವುದು ಬೇರೆ, ಪಾತ್ರಕ್ಕೆ ಗೊತ್ತಿರುವುದು ಬೇರೆ. ಭೂಮಿಯ ದೃಶ್ಯದಲ್ಲಿ ಕ್ಯಾಪ್ಟನ್ ವಂಚಿಸುವುದನ್ನು ನೀವು ಗುಂಪಿನಲ್ಲಿ ಓದಿರುತ್ತೀರಿ. ಮಂಗಳದಲ್ಲಿರುವ ನಿಮ್ಮ ಪಾತ್ರ ಓದಿಲ್ಲ. ತಕ್ಷಣ ಅಲ್ಲಿ ‘ಯಾಕೋ ಅನುಮಾನ’ ಬಂದು ಬಾಗಿಲು ಹಾಕಿಕೊಂಡರೆ ಅದು ಮೆಟಾಗೇಮಿಂಗ್. ಬಾಹ್ಯಾಕಾಶದ ಆಟದಲ್ಲಿ ಇದಕ್ಕೆ ಬೆಳಕಿನ ವೇಗವೇ ಕಾವಲು, ಅದಕ್ಕಿಂತ ಬೇಗ ಯಾವ ಸುದ್ದಿಯೂ ಹೋಗಲಾರದು. ಭೂಮಿಯಿಂದ ಮಂಗಳಕ್ಕೆ ರೇಡಿಯೊ ಸಂದೇಶ ತಲುಪಲು, ಎರಡೂ ಎಷ್ಟು ದೂರದಲ್ಲಿವೆ ಎಂಬುದನ್ನು ನೋಡಿಕೊಂಡು, ಸುಮಾರು 3ರಿಂದ 22 ನಿಮಿಷ ಬೇಕು. ನಮ್ಮ ಆಟದಲ್ಲಿ 12 ಎಂದು ಇಟ್ಟಿದ್ದೇನೆ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಕಕ್ಷೆ ಸೇರಿದಾಗ ಸುದ್ದಿ ಬೆಂಗಳೂರಿಗೆ ಬರಲು ಹಿಡಿದದ್ದೂ ಸುಮಾರು ಅಷ್ಟೇ. ನಡುವೆ ‘ಸ್ವಲ್ಪ ತಡಿ’ ಎನ್ನಲು ಸಾಧ್ಯವಿಲ್ಲ ಅಂತ ಆಜ್ಞೆಗಳನ್ನೆಲ್ಲ ಮೊದಲೇ ನೌಕೆಗೆ ತುಂಬಿಟ್ಟಿದ್ದರು. ಇಸ್ರೊದವರೇ ಕಾಯುವಾಗ ನಿಮ್ಮ ಮೆಕ್ಯಾನಿಕ್ ಕಾಯಲಾರನೇ? ಕಳಿಸುವ ಮೊದಲು ಒಂದೇ ಪ್ರಶ್ನೆ: ಇದನ್ನು ನನ್ನ ಪಾತ್ರಕ್ಕೆ ಹೇಳಿದವರು ಯಾರು? ಉತ್ತರ ಇಲ್ಲದಿದ್ದರೆ ಅಳಿಸಿ.

ಹಂತ 5: ದಾಳ. ಟ್ರಾವೆಲರ್‌ನ ಪದ್ಧತಿಯನ್ನೇ ನಾವು ಎತ್ತಿಕೊಂಡಿದ್ದೇವೆ: ಆರು ಮುಖದ ಎರಡು ದಾಳ, ಮೊತ್ತ 8 ಅಥವಾ ಹೆಚ್ಚು ಬಂದರೆ ಗೆಲುವು. ಒಟ್ಟು 36 ಬಗೆಯಲ್ಲಿ ಬೀಳಬಹುದು, ಅದರಲ್ಲಿ 15 ಮಾತ್ರ ಗೆಲ್ಲುತ್ತವೆ. ಅರ್ಧಕ್ಕಿಂತ ಕಡಿಮೆ, ಹಾಗಾಗಿ ಸೋತಾಗ ‘ನನ್ನ ಗ್ರಹಚಾರ’ ಅನ್ನಬೇಡಿ. ದಾಳವನ್ನು ಗುಂಪಿನಲ್ಲೇ ಉರುಳಿಸಬೇಕು. ಟೆಲಿಗ್ರಾಮ್‌ನಲ್ಲಿ ದಾಳದ ಎಮೋಜಿ ಕಳಿಸಿದರೆ ಅದು ತಾನಾಗಿ ಉರುಳಿ ನಿಲ್ಲುತ್ತದೆ, ಎರಡು ಸಲ ಕಳಿಸಿ. ಬಿದ್ದದ್ದು 3 ಎಂದು ಅಳಿಸಿ ಮತ್ತೆ ಉರುಳಿಸಿದವರನ್ನು ನಾನು ಆ ರಾತ್ರಿಯೇ ಹೊರಗೆ ಹಾಕಿದ್ದೇನೆ. ಮನೆಯಲ್ಲಿ ಉರುಳಿಸಿ ಫೋಟೊ ಕಳಿಸುವುದೂ ಬೇಡ. ಅಗ್ಗದ ಪ್ಲಾಸ್ಟಿಕ್ ದಾಳಗಳ ಒಳಗೆ ಗಾಳಿಗುಳ್ಳೆ ಇರಬಹುದು. ಲೋಟದ ನೀರಿಗೆ ದಾಳ ತೇಲುವಷ್ಟು ಉಪ್ಪು ಹಾಕಿ ತಟ್ಟಿ ನೋಡಿ. ಪ್ರತಿ ಸಲ ಒಂದೇ ಮುಖ ಮೇಲೆ ಬಂದರೆ ಅದು ಶಕುನಿಯ ಪೈಕಿ.

ಹಂತ 6: ಟೈಂ ಪ್ಲೀಸ್. ಜೂಟಾಟದಲ್ಲಿ ಚಪ್ಪಲಿ ಕಿತ್ತುಹೋದರೆ ಹಾಗೆ ಕೂಗಿ ನಿಲ್ಲುತ್ತಿದ್ದೆವಲ್ಲ, ಇಲ್ಲೂ ಹಾಗೆಯೇ. ಪಾತ್ರದ ಹೊರಗೆ ಮಾತಾಡುವಾಗ ಜೋಡಿ ಕಂಸ ಹಾಕಿ: ((ಈ ಚಿತ್ರಹಿಂಸೆಯ ದೃಶ್ಯ ನನಗೆ ಆಗ್ತಿಲ್ಲ, ಮುಂದಕ್ಕೆ ಹೋಗೋಣ.)) ಹೀಗೆ ಬಂದರೆ ಕಾರಣ ಕೇಳದೆ ದೃಶ್ಯ ದಾಟಿಸಿ. ಪಾತ್ರಗಳು ಎಷ್ಟೇ ಬೈದಾಡಲಿ, ಕಂಸದೊಳಗೆ ‘ಗುರು, ಸೂಪರ್ ಡೈಲಾಗ್’ ಎಂದು ಒಮ್ಮೆ ಬರೆದರೆ ಅರ್ಧ ಮನಸ್ತಾಪ ಹುಟ್ಟುವುದೇ ಇಲ್ಲ.

ಹಂತ 7: ನಾಲ್ಕು ದಿನಕ್ಕಿಂತ ಹೆಚ್ಚು ಬರಲಾಗದಿದ್ದರೆ ತಿಳಿಸಿ, ಪಾತ್ರವನ್ನು ಅದರ ಕ್ಯಾಬಿನ್‌ನಲ್ಲಿ ಮಲಗಿಸಿ ಹೋಗಿ. ನಮ್ಮ ಮೆಕ್ಯಾನಿಕ್ ಒಬ್ಬ ಏರ್‌ಲಾಕ್‌ನ (ನೌಕೆಯಿಂದ ಹೊರಗೆ ಹೋಗಿಬರುವ ಕೋಣೆಯ) ಬಾಗಿಲು ಹಿಡಿದುಕೊಂಡು ಹದಿನೇಳು ದಿನ ನಿಂತಿದ್ದ. ಆಚೆ ಐದು ಜನ ಒಳಗೆ ಬರಲು ಕಾಯುತ್ತಿದ್ದರು. ಅವನನ್ನು ಆಡುವವರು ತಂಗಿಯ ಮದುವೆಯ ಓಡಾಟದಲ್ಲಿದ್ದರು.