ಮಳೆಗಾಲದಲ್ಲಿ ಶಟಲ್ ಆಡುವವರಿಗೆ

ಮಳೆ ಹಿಡಿದರೆ ದಾವಣಗೆರೆಯ ಕುಂದುವಾಡ ಕೆರೆ ಕಡೆ ವಾಕಿಂಗ್ ನಿಂತೇ ಹೋಗುತ್ತದೆ, ಅಲ್ವಾ? ಸುಮ್ನೆ ಮಂಡಕ್ಕಿ ಮಿರ್ಚಿ ತಿಂದು ಕೂರುವ ಬದಲು ಒಳಾಂಗಣ ಕೋರ್ಟ್‌ನಲ್ಲಿ ಶಟಲ್ ಆಡಿ. ಆಡಿ ಬಂದು ತಿಂದರೆ ನನ್ನ ತಕರಾರಿಲ್ಲ!

ಬೀದಿಯಲ್ಲಿ ಹಾಕಿದ ಶೂನಲ್ಲೇ ಕೋರ್ಟಿಗೆ ಮಾತ್ರ ಇಳಿಯಬೇಡಿ. ನೆಲಕ್ಕೆ ಗುರುತು ಬೀಳಿಸದ ನಾನ್ ಮಾರ್ಕಿಂಗ್ ಶೂ ಬೇರೆ ಚೀಲದಲ್ಲಿ ಒಯ್ದು ಅಲ್ಲೇ ಹಾಕಿಕೊಳ್ಳಿ. ಶೂ ಅಡಿ ಒದ್ದೆಯಿದ್ದರೆ ನೆಟ್ ಹತ್ತಿರ ಮೆಲ್ಲಗೆ ಬೀಳುವ ಡ್ರಾಪ್ ಹೊಡೆತ ಎತ್ತಲು ಕಾಲು ಮುಂದಿಟ್ಟ ಕೂಡಲೇ ಜಾರುತ್ತದೆ, ಮೊಣಕಾಲು ಉಳುಕುತ್ತದೆ. ಛಾವಣಿ ಸೋರಿ ಹನಿ ಬಿದ್ದಿದ್ದರೆ ಮೊದಲು ಒರೆಸಿ. ಈ ತೇವಕ್ಕೆ ರಾಕೆಟ್ ಹಿಡಿಯ ಗ್ರಿಪ್ ಜಾಸ್ತಿ ಜಾರುತ್ತದೆ, ಚಿಕ್ಕ ಟವೆಲ್ ಇರಲಿ. ಕಲಿಯುವವರಿಗೆ ನೈಲಾನ್ ಶಟಲ್ ಸಾಕು, ಗರಿಯದು ಬೇಗ ಮುರಿಯುತ್ತದೆ.

ಕೋರ್ಟ್ ಸಿಗದ ದಿನ ಮನೆಯಲ್ಲೇ ಸ್ಕಿಪ್ಪಿಂಗ್ ಮಾಡಿ, ಕೆಳಗಿನ ಮನೆಯವರಿಗೆ ಒಂದು ಮಾತು ಹೇಳಿ!