ಹುಬ್ಬು ಏರಿಸಿ ನೋಡೋಣ: ಕಪಾಲ ನರಗಳನ್ನು ನಾನು ಪರೀಕ್ಷಿಸುವ ಬಗೆ

ಬುರುಡೆಯ ಕಂಡಿಗಳಿಂದ ಹೊರಬಂದು ಕಣ್ಣು, ಮುಖ, ನಾಲಿಗೆ, ಗಂಟಲುಗಳನ್ನು ಮಿದುಳಿಗೆ ಜೋಡಿಸುವ ಕಪಾಲ ನರಗಳು ಹನ್ನೆರಡು ಜೊತೆ. ಒಂದರಿಂದ ಹನ್ನೆರಡರವರೆಗೆ ವರಸೆಯಾಗಿ ಪರೀಕ್ಷಿಸಬೇಕು ಎಂದು ಕಾಲೇಜಿನಲ್ಲಿ ಕಲಿಸುತ್ತಾರೆ, ಪರೀಕ್ಷಕರೂ ಅದನ್ನೇ ಕೇಳುತ್ತಾರೆ. ಚಿಂತಾಮಣಿಯ ನನ್ನ ಕ್ಲಿನಿಕ್ಕಿನಲ್ಲಿ ನಾನು ಏಳನೆಯದರಿಂದ, ಅಂದರೆ ಮುಖದ ಸ್ನಾಯುಗಳನ್ನು ಆಡಿಸುವ ನರದಿಂದ, ಶುರು ಮಾಡುತ್ತೇನೆ. ಈ ಎಣಿಕೆಯನ್ನು 1778ರಲ್ಲಿ ಕೊಟ್ಟವನು ಜರ್ಮನಿಯ ಅಂಗರಚನಾ ತಜ್ಞ ಸೋಮರಿಂಗ್. ಬುರುಡೆಯಿಂದ ತೆಗೆದ ಮಿದುಳನ್ನು ಮಗುಚಿ ಹಾಕಿದರೆ ಅದರ ಅಡಿಯಲ್ಲಿ ನರಗಳು ಮುಂದಿನಿಂದ ಹಿಂದಕ್ಕೆ ಕಾಣುವ ಕ್ರಮ ಅದು. ಶವಚ್ಛೇದನದ ಮೇಜಿಗೆ ಅದು ಸರಿ. ಬಾಯಿ ಸೊಟ್ಟಗಾದ ತಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಓಡಿಬಂದ ಮಗನ ಎದುರು ಮೊದಲನೆಯ ನರವೆಂದು ಕಾಫಿಪುಡಿ ಮೂಸಿಸುತ್ತ ಕೂರಲಾಗುವುದಿಲ್ಲ.

ಇಲ್ಲಿಗೆ ಕಪಾಲ ನರದ ತೊಂದರೆಯಿಂದ ಬರುವವರಲ್ಲಿ ಹೆಚ್ಚಿನವರ ದೂರು ಬಾಯಿ ಸೊಟ್ಟಗಾಗಿದೆ ಎಂಬುದೇ. ಜೊತೆಗೆ ಬಂದವರು ಆಗಲೇ ‘ಲಕ್ವ ಹೊಡೆದಿದೆ’ ಎಂದು ತೀರ್ಪು ಕೊಟ್ಟಿರುತ್ತಾರೆ. ನಾನು ತಿಳಿಯಬೇಕಾದದ್ದು ಒಂದೇ: ಕೆಟ್ಟಿರುವುದು ನರವೋ, ಮಿದುಳೋ? ನರವಾದರೆ ಮಾತ್ರೆ ಬರೆದು ಮನೆಗೆ ಕಳುಹಿಸಬಹುದು. ಮಿದುಳಾದರೆ ಆಂಬುಲೆನ್ಸ್ ಕರೆಯಬೇಕು.

“ಅಮ್ಮಾ, ಹುಬ್ಬು ಮೇಲಕ್ಕೆತ್ತಿ, ಯಾರೋ ಕೇಳಬಾರದ್ದನ್ನು ಕೇಳಿದರು ಎನ್ನುವ ಹಾಗೆ,” ಎನ್ನುತ್ತೇನೆ. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಪಾರ್ಶ್ವಗಳಿಂದ ಆಜ್ಞೆ ಬರುತ್ತದೆ. ಬಾಯಿಯ ಸುತ್ತಲಿನ ಸ್ನಾಯುಗಳಿಗೆ ಮುಖ್ಯವಾಗಿ ಎದುರು ಪಾರ್ಶ್ವದಿಂದ ಮಾತ್ರ. ಆದ್ದರಿಂದ ಮಿದುಳಿನ ಒಂದು ಪಾರ್ಶ್ವದಲ್ಲಿ ರಕ್ತ ಹರಿಯುವುದು ನಿಂತರೆ ಬಾಯಿ ಸೊಟ್ಟಗಾಗುತ್ತದೆ, ಹಣೆ ಮಾತ್ರ ಎರಡೂ ಕಡೆ ಸುಕ್ಕುಗಟ್ಟುತ್ತದೆ. ಏಳನೆಯ ನರವೇ ಊದಿಕೊಂಡು ಕೆಲಸ ನಿಲ್ಲಿಸಿದರೆ ಆ ಬದಿಯ ಹಣೆಯೂ ನಯವಾಗಿ ಉಳಿಯುತ್ತದೆ. ಕಣ್ಣು ಮುಚ್ಚಲು ಹೇಳಿದರೆ ರೆಪ್ಪೆ ಸೇರುವುದಿಲ್ಲ, ಗುಡ್ಡೆ ಮೇಲಕ್ಕೆ ಹೊರಳಿ ಬಿಳಿ ಭಾಗ ಕಾಣುತ್ತದೆ. ನೋಡಿದವರು ಹೆದರುತ್ತಾರೆ, ನನಗೆ ಅದು ಸಮಾಧಾನದ ಲಕ್ಷಣ. ಇದೇ ಬೆಲ್ಸ್ ಪಾಲ್ಸಿ. 1821ರಲ್ಲಿ ಮುಖದ ನರಗಳ ಬಗ್ಗೆ ಪ್ರಬಂಧ ಮಂಡಿಸಿದ ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್‌ನ ಹೆಸರು ಅದಕ್ಕೆ ಅಂಟಿಕೊಂಡಿದೆ.

ಹಣೆಯೊಂದನ್ನೇ ನಂಬಿ ಕೂರುವ ಹಾಗಿಲ್ಲ. ಏಳನೆಯ ನರದ ಎಳೆಗಳು ಹೊರಡುವ ಮೊದಲು ಮಿದುಳಿನ ಬುಡವಾದ ಮಿದುಳುಕಾಂಡದೊಳಗೆ, ಕಣ್ಣನ್ನು ಹೊರಕ್ಕೆ ಎಳೆಯುವ ಆರನೆಯ ನರದ ಮೂಲವನ್ನು ಒಂದು ಸುತ್ತು ಬಳಸಿಕೊಂಡು ಬರುತ್ತವೆ. ಅಲ್ಲೇ ಆಘಾತವಾದರೆ ಹಣೆಯೂ ಹೋಗುತ್ತದೆ, ನೋಡಲು ಬೆಲ್ಸ್ ಪಾಲ್ಸಿಯ ಹಾಗೆಯೇ ಇರುತ್ತದೆ. ಅದಕ್ಕಾಗಿ ಹುಬ್ಬು ನೋಡಿದ ಮರುಕ್ಷಣ ನನ್ನ ಬೆರಳನ್ನು ಮುಖ ಸೋತ ಬದಿಯ ಹೊರಗಡೆಗೆ ಒಯ್ಯುತ್ತೇನೆ. ಆ ಬದಿಯ ಕಣ್ಣು ಬೆರಳನ್ನು ಹಿಂಬಾಲಿಸಿ ಕೊನೆಯವರೆಗೂ ಹೋಗಬೇಕು. ಹೋಗದಿದ್ದರೆ, ಅಥವಾ ಕೈ ಚಾಚಿದಾಗ ಒಂದು ಕೈ ಜಾರಿದರೆ, ನಡಿಗೆ ವಾಲಿದರೆ, ಹಣೆ ಏನೇ ಹೇಳಲಿ, ಅದನ್ನು ನಾನು ಬರಿಯ ನರದ ತೊಂದರೆ ಎಂದು ಒಪ್ಪುವುದಿಲ್ಲ.

ಏಳನೆಯ ನರ ಕಿವಿಯ ಮೂಳೆಯೊಳಗಿನ ಕಿರಿದಾದ ಕೊಳವೆಯಲ್ಲಿ ಸಾಗುತ್ತದೆ. ಊದಿಕೊಂಡರೆ ಸರಿಯಲು ಅಲ್ಲಿ ಜಾಗವಿಲ್ಲ. ದಾರಿಯಲ್ಲಿ ಅದು ಕಣ್ಣೀರಿನ ಗ್ರಂಥಿಗೆ ಒಂದು ಕವಲು ಕೊಡುತ್ತದೆ, ಜೋರು ಸದ್ದನ್ನು ತಗ್ಗಿಸುವ ಕಿವಿಯೊಳಗಿನ ಪುಟ್ಟ ಸ್ನಾಯುವಿಗೆ ಇನ್ನೊಂದು, ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ರುಚಿಗೆ ಮತ್ತೊಂದು. ಹಾಗಾಗಿ ನನ್ನ ಪ್ರಶ್ನೆಗಳು ವಿಚಿತ್ರವೆನಿಸುತ್ತವೆ: ಪಾತ್ರೆ ಬಿದ್ದರೆ ಆ ಕಿವಿಗೆ ಹೆಚ್ಚು ಬಡಿಯುತ್ತದೆಯೇ, ಸಾರಿನ ಉಪ್ಪು ಹುಳಿ ಗೊತ್ತಾಗುತ್ತದೆಯೇ? “ಬಾಯಿ ಸೊಟ್ಟಗಾಗಿದೆ ಎಂದು ಬಂದರೆ ಡಾಕ್ಟರಮ್ಮ ಅಡುಗೆಮನೆಯ ಸಂಗತಿ ಕೇಳುತ್ತಾರೆ,” ಎಂದು ಗೊಣಗಿದವರಿದ್ದಾರೆ. ಕಿವಿಯ ಸುತ್ತ, ಕಿವಿಯೊಳಗೆ ನೀರುಗುಳ್ಳೆ ಇವೆಯೇ ಎಂದು ತಪ್ಪದೆ ನೋಡುತ್ತೇನೆ. ಇದ್ದರೆ ಅದು ಸರ್ಪಸುತ್ತಿನ ವೈರಾಣುವಿನ ಕೆಲಸ, ಚಿಕಿತ್ಸೆಯೂ ಬೇರೆ.

ಬೆಲ್ಸ್ ಪಾಲ್ಸಿಗೆ ಸ್ಟಿರಾಯ್ಡ್ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಿದರೆ ಪೂರ್ಣ ಚೇತರಿಕೆಯ ಸಾಧ್ಯತೆ ಹೆಚ್ಚು. ಈ ಸೀಮೆಯಲ್ಲಿ ಆ ಗಡುವಿಗೆ ದೊಡ್ಡ ಶತ್ರು ರೇಷ್ಮೆ. ಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಚಂದ್ರಿಕೆಯ ತಟ್ಟೆಗೆ ಬಿಡುವ ಹೊತ್ತಿನಲ್ಲಿ ಮನೆಯಾಕೆಯ ಮುಖ ಸೊಟ್ಟಗಾದರೆ, ಗೂಡು ಶಿಡ್ಲಘಟ್ಟದ ಮಾರುಕಟ್ಟೆ ಮುಟ್ಟಿದ ಮೇಲೆಯೇ ಆಕೆ ನನ್ನ ಬಳಿ ಬರುವುದು. ಅಷ್ಟರಲ್ಲಿ ನಾಟಿ ಔಷಧಿ ಮುಗಿದಿರುತ್ತದೆ. ನಾಟಿ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ಹತ್ತರಲ್ಲಿ ಸುಮಾರು ಏಳು ಮಂದಿಗೆ ಇದು ಏನೂ ಕೊಡದೆಯೂ ವಾಸಿಯಾಗುತ್ತದೆ, ಕೀರ್ತಿ ಯಾರ ಪಾಲಿಗಾದರೂ ಹೋಗಲಿ. ಸೊಪ್ಪಿನ ರಸವನ್ನು ಕಣ್ಣಿಗೆ ಬಿಟ್ಟರೆ ಮಾತ್ರ ಜಗಳವಾಡುತ್ತೇನೆ. ಮುಚ್ಚಲಾಗದ ಕಣ್ಣು ಒಣಗಿ ಹುಣ್ಣಾಗುವುದೇ ಈ ಕಾಯಿಲೆಯಲ್ಲಿ ನಿಜವಾದ ಅಪಾಯ. ಹಗಲು ಕಣ್ಣು ತೇವವಾಗಿಡುವ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಮೇಲೆ ಟೇಪು. ಇದನ್ನು ಮನೆಯವರ ಕೈಯಲ್ಲೇ ಒಮ್ಮೆ ಮಾಡಿಸಿ ನೋಡಿ ಕಳುಹಿಸುತ್ತೇನೆ. ಸಕ್ಕರೆ ಕಾಯಿಲೆ ಇದ್ದರೆ ಸ್ಟಿರಾಯ್ಡ್‌ನಿಂದ ಸಕ್ಕರೆ ಏರುವುದರಿಂದ ಮೊದಲು ಬೆರಳು ಚುಚ್ಚಿ ನೋಡುತ್ತೇನೆ.

ಮುಖದ ನಂತರ ಕಣ್ಣು. ಮೂರು, ನಾಲ್ಕು, ಆರನೆಯ ನರಗಳು ಸೇರಿ ಗುಡ್ಡೆಯನ್ನು ಆಡಿಸುತ್ತವೆ. ಆರನೆಯದು ಹೊರಕ್ಕೆ ಎಳೆಯುತ್ತದೆ. ನಾಲ್ಕನೆಯದು ಎಲ್ಲಕ್ಕಿಂತ ಸಪೂರ, ಮಿದುಳುಕಾಂಡದ ಬೆನ್ನಿನಿಂದ ಹೊರಡುವ ಏಕೈಕ ಕಪಾಲ ನರ. ಅದು ಸೋತವರಿಗೆ ಮೆಟ್ಟಿಲಿಳಿಯುವಾಗ ಒಂದು ಮೆಟ್ಟಿಲು ಎರಡಾಗಿ ಕಾಣುತ್ತದೆ, ಅವರು ಕತ್ತು ವಾಲಿಸಿಕೊಂಡೇ ಒಳಗೆ ಬರುತ್ತಾರೆ. ಉಳಿದ ಬಹುಪಾಲು ಕೆಲಸ ಮೂರನೆಯದರದ್ದು. ಅದು ಸೋತರೆ ರೆಪ್ಪೆ ಇಳಿಬಿದ್ದು, ಗುಡ್ಡೆ ಹೊರಕ್ಕೂ ಕೆಳಕ್ಕೂ ತಿರುಗಿರುತ್ತದೆ. ಆಗ ನಾನು ನೋಡುವುದು ಪಾಪೆಯನ್ನು. ಸಕ್ಕರೆ ಕಾಯಿಲೆಯಿಂದ ನರಕ್ಕೆ ರಕ್ತ ಕಡಿಮೆಯಾಗಿದ್ದರೆ ಸಾಮಾನ್ಯವಾಗಿ ಪಾಪೆ ಟಾರ್ಚಿನ ಬೆಳಕಿಗೆ ಸರಿಯಾಗಿ ಕುಗ್ಗುತ್ತದೆ, ಏಕೆಂದರೆ ಪಾಪೆಯ ಎಳೆಗಳು ನರದ ಹೊರಮೈಯಲ್ಲಿವೆ. ಉಬ್ಬಿದ ರಕ್ತನಾಳ ಹೊರಗಿನಿಂದ ಒತ್ತಿದರೆ ಮೊದಲು ಹೋಗುವುದೇ ಅವು. ರೆಪ್ಪೆ ಬಿದ್ದು, ಪಾಪೆ ಅಗಲವಾಗಿ, ತಲೆನೋವೂ ಇದ್ದವರನ್ನು ನಾನು ಒಂದು ನಿಮಿಷವೂ ಇಟ್ಟುಕೊಳ್ಳುವುದಿಲ್ಲ.

ಎರಡೂ ರೆಪ್ಪೆ ಇಳಿಬಿದ್ದು ಬಂದರೆ ಬೇರೆಯೇ ಯೋಚನೆ. ಮಳೆಗಾಲದ ಬೆಳಗ್ಗೆ, ನೆಲದ ಮೇಲೆ ಮಲಗಿದ್ದವರು, ಹೊಟ್ಟೆನೋವು, ಕಣ್ಣು ಬಿಡಲಾಗುತ್ತಿಲ್ಲ ಎಂದರೆ ಕಟ್ಟುಹಾವು ಕಚ್ಚಿದೆ ಎಂದೇ ಹಿಡಿಯುತ್ತೇನೆ. ಕಚ್ಚಿದ ಗುರುತು ಹುಡುಕುತ್ತ ಸಮಯ ಕಳೆಯುವುದಿಲ್ಲ, ಅದು ಕಾಣದೆಯೂ ಇರಬಹುದು. ವಿಷ ಕೆಡಿಸುವುದು ನರವನ್ನಲ್ಲ, ನರ ಮತ್ತು ಸ್ನಾಯು ಕೂಡುವ ಜಾಗವನ್ನು. ಆದರೂ ಅದು ಇಳಿಯುವ ಹಾದಿ ಕಪಾಲ ನರಗಳ ಪರೀಕ್ಷೆಯಲ್ಲೇ ಕಾಣುತ್ತದೆ: ರೆಪ್ಪೆ, ಗುಡ್ಡೆ, ನುಂಗುವುದು, ಮಾತು, ಕತ್ತು, ಕೊನೆಗೆ ಉಸಿರು. ಇಂಥವರು ಕಣ್ಣು ಮುಚ್ಚಿಕೊಂಡಿದ್ದರೂ ಎಚ್ಚರವಾಗಿರುತ್ತಾರೆ. ಅವರೆದುರು ‘ಇನ್ನು ಮುಗಿಯಿತು’ ಎಂದು ಅಳಬೇಡಿ ಎಂದು ಮನೆಯವರನ್ನು ಗದರಿಸಿದ್ದೇನೆ.

ಐದನೆಯದು ಕಪಾಲ ನರಗಳಲ್ಲೇ ದಪ್ಪನೆಯದು, ಮುಖದ ಸ್ಪರ್ಶವೆಲ್ಲ ಅದರದ್ದು. ಹತ್ತಿಯ ಎಳೆಯಿಂದ ಹಣೆ, ಕೆನ್ನೆ, ಗದ್ದ ಮೂರೂ ಕಡೆ ಮುಟ್ಟಿ, ಹಲ್ಲು ಕಚ್ಚಿಸಿ ದವಡೆಯ ಸ್ನಾಯು ಹಿಡಿದು ನೋಡಿದರೆ ಆಯಿತು. ಮುಖ ತೊಳೆದರೆ, ಗಾಳಿ ಸೋಕಿದರೆ ಕೆನ್ನೆಗೆ ಕರೆಂಟು ಹೊಡೆದಂತೆ ಕೆಲವೇ ಕ್ಷಣ ನೋವು ಬಂದು ಹೋಗುತ್ತದೆ ಎನ್ನುವ ಹಿರಿಯರು ಒಂದೆರಡು ಒಳ್ಳೆಯ ಹಲ್ಲು ಕೀಳಿಸಿಕೊಂಡ ಮೇಲೆಯೇ ನನ್ನ ಬಳಿ ಬರುತ್ತಾರೆ. ಅದು ಈ ನರದ ನೋವು. ಕಾರ್ಬಮಜೆಪೀನ್ ಮಾತ್ರೆಗೆ ಬಹಳ ಮಟ್ಟಿಗೆ ಬಗ್ಗುತ್ತದೆ.

ಮೊದಲನೆಯ ನರದ ವಾಸನೆ ಪರೀಕ್ಷೆಯನ್ನು ತಲೆಗೆ ಪೆಟ್ಟು ಬಿದ್ದವರಿಗೆ, ಅದರಲ್ಲೂ ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದವರಿಗೆ ಮಾಡುತ್ತೇನೆ. ಒಂದೊಂದೇ ಮೂಗಿನ ಹೊಳ್ಳೆಗೆ ಕಾಫಿಪುಡಿ ಅಥವಾ ಸೋಪು. ನೋವಿನ ಬಾಮು, ಸ್ಪಿರಿಟ್ ಬೇಡ. ಅವುಗಳ ಚುರುಕು ತಿಳಿಯುವುದು ಐದನೆಯ ನರಕ್ಕೆ. ಎರಡನೆಯದಕ್ಕೆ ಗೋಡೆಯ ಅಕ್ಷರಪಟ ಇದೆ, ಓದಲು ಬಾರದವರಿಗೆ ಬೆರಳೆಣಿಸುವುದಿದೆ. ಕೇಳುವ ನರವಾದ ಎಂಟನೆಯದಕ್ಕೆ 512 ಹರ್ಟ್ಸ್‌ನ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಮಿಡಿಸಿ ಹಣೆಯ ನಡುವೆ ಇಡುತ್ತೇನೆ. ಗುಗ್ಗೆ ತುಂಬಿದ ಕಿವಿಯಾದರೆ ಸದ್ದು ಆ ಕಿವಿಯಲ್ಲೇ ಜೋರು, ನರ ಕೆಟ್ಟಿದ್ದರೆ ಒಳ್ಳೆಯ ಕಿವಿಯಲ್ಲಿ ಜೋರು. ಗುಗ್ಗೆ ತೆಗೆಯುವಾಗ ಕೆಲವರು ಕೆಮ್ಮುವುದು ಹತ್ತನೆಯ ನರದ ಒಂದು ಕವಲು ಕಿವಿಯ ದಾರಿಗೂ ಬಂದಿರುವುದರಿಂದ. ಎದೆ, ಹೊಟ್ಟೆಯವರೆಗೆ ಇಳಿಯುವ ಆ ನರ ಅಲ್ಲಿಯವರೆಗೂ ಕೈಚಾಚಿದೆ.

ಕೊನೆಯ ನಾಲ್ಕಕ್ಕೆ ಉಪಕರಣವೇ ಬೇಡ. “ಆ” ಎನ್ನಿಸಿದರೆ ಕಿರುನಾಲಿಗೆ ಒಳ್ಳೆಯ ಬದಿಗೆ ಸರಿಯುತ್ತದೆ. ನಾಲಿಗೆ ಚಾಚಿಸಿದರೆ ಅದು ಸೋತ ಬದಿಗೆ ವಾಲುತ್ತದೆ. ಭುಜ ಕುಣಿಸಿ, ನನ್ನ ಅಂಗೈಗೆ ಗದ್ದ ಒತ್ತಿ ಎನ್ನುವುದು ಹನ್ನೊಂದನೆಯದಕ್ಕೆ. ವಾರಗಟ್ಟಲೆ ಬಿಡದ ಗೊಗ್ಗರು ದನಿಯ ಬೀಡಿ ಸೇದುವ ತಾತಂದಿರಿಗೆ ಗಂಟಲಿನ ಜೊತೆ ಎದೆಯ ಎಕ್ಸ್‌ರೇಯನ್ನೂ ಮಾಡಿಸುತ್ತೇನೆ, ಏಕೆಂದರೆ ಎಡಗಡೆಯ ಧ್ವನಿಯ ನರ ಎದೆಗಿಳಿದು ಮಹಾಪಧಮನಿಯನ್ನು ಬಳಸಿಯೇ ಮೇಲೆ ಬರುತ್ತದೆ.

ಪಾರ್ಶ್ವವಾಯು ಎಂದು ಅನಿಸಿದ ಮೇಲೆ ಉಳಿದ ನರಗಳ ಗೊಡವೆಗೆ ಹೋಗುವುದಿಲ್ಲ. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಸಮಯ ನಾಲ್ಕೂವರೆ ಗಂಟೆ, ಬೆಂಗಳೂರು ಇಲ್ಲಿಂದ 70 ಕಿಲೋಮೀಟರಿಗೂ ದೂರ, ಹೊಸಕೋಟೆಯ ನಂತರ ವಾಹನಗಳ ಸಾಲು ಬೇರೆ. ಚೀಟಿಯಲ್ಲಿ ಮೊದಲು ಬರೆಯುವುದು ಅವರು ಕೊನೆಯದಾಗಿ ಚೆನ್ನಾಗಿದ್ದುದು ಎಷ್ಟು ಗಂಟೆಗೆ ಎಂಬುದನ್ನು. ಆಮೇಲೆ ಹಣೆ, ಪಾಪೆ, ಕೈಕಾಲು, ಸಕ್ಕರೆ. ಬಾಗಿಲ ಬಳಿ ಮನೆಯವರಿಗೆ ಒಂದೇ ತಾಕೀತು: ನುಂಗುವ ನರಗಳು ಹೇಗಿವೆಯೋ ಆಸ್ಪತ್ರೆಯವರು ನೋಡುವವರೆಗೆ ನೀರು, ಕಾಫಿ, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ಒಂಬತ್ತು, ಹತ್ತು ಸೋತಿದ್ದರೆ ಅದು ಇಳಿಯುವುದು ಹೊಟ್ಟೆಗಲ್ಲ, ಶ್ವಾಸಕೋಶಕ್ಕೆ.